ತಿಂದ ಮುದ್ದೆ ಮತ್ತೆ ತಟ್ಟೇಲಿ ಬಂದ್ರೆ: ಚಿಕ್ಕ ಬಜೆಟ್ ಸಿನಿಮಾದಲ್ಲಿ ಕಂಟಿನ್ಯುಟಿ ದೋಷ ಹುಡುಕೋ ಕೈಪಿಡಿ

ಮಂಡ್ಯ ಕಡೆ ಒಂದು ಹಳ್ಳಿ ಮನೇಲಿ ತೆಗೆದಿದ್ದ ಸೀನು. ತಾಯಿ ಮಗ ಊಟಕ್ಕೆ ಕೂತಿದ್ದಾರೆ. ಪೂರ್ತಿ ಸೀನು ಒಟ್ಟಿಗೆ ಕಾಣೋ ಮಾಸ್ಟರ್ ಶಾಟಲ್ಲಿ ಮಗನ ತಟ್ಟೇಲಿ ಮುದ್ದೆ ಅರ್ಧ ಆಗಿದೆ, ಕಟ್ ಆಗಿ ಹತ್ತಿರದಿಂದ ತೆಗೆದ ಅವನ ಕ್ಲೋಸಿಗೆ ಬಂದ್ರೆ ಮುದ್ದೆ ಪೂರ್ತಿ ಗುಂಡಗೆ ಕೂತಿದೆ, ಮತ್ತೆ ಮಗನ ಭುಜದ ಮೇಲಿಂದ ತಾಯಿನ ತೋರ್ಸೋ ಸಜೆಷನ್ ಶಾಟಿಗೆ ಹೋದ್ರೆ ತಟ್ಟೆ ಹತ್ತತ್ರ ಖಾಲಿ. ಎಡಿಟ್ ರೂಮಲ್ಲಿ ಎರಡು ದಿನ ನಾವೆಲ್ಲ ಆ ಮುದ್ದೆ ಹಿಂದೆನೇ ಬಿದ್ದಿದ್ವಿ, ಮಾಸ್ಕ್ ಹಾಕಿ ಅಳಿಸೋಣ, ಝೂಮ್ ಮಾಡಿ ತಟ್ಟೆ ಹೊರಗೆ ಹಾಕೋಣ, ಸೀನೇ ತೆಗೆದುಬಿಡೋಣ ಅಂತೆಲ್ಲ ಮಾತಾಡಿದ್ವಿ. ಮೂರನೇ ದಿನ ಕಂಟಿನ್ಯುಟಿ ನೋಟ್ ಬುಕ್, ಅಂದ್ರೆ ಒಂದು ಶಾಟಿಂದ ಇನ್ನೊಂದಕ್ಕೆ ಎಲ್ಲ ಹೊಂದ್ಕೊಳ್ಳೋ ಹಾಗೆ ಸೆಟ್ಟಲ್ಲಿ ಬರೆದಿಡೋ ಪುಸ್ತಕ, ತೆಗೆದು ನೋಡಿದ್ರೆ ಆ ಕ್ಲೋಸಿಗೆ ಓಕೆ ಅಂತ ಬರೆದಿರೋದು ಟೇಕ್ 4, ಅಂದ್ರೆ ಅದೇ ಶಾಟನ್ನ ನಾಲ್ಕನೇ ಸಲ ತೆಗೆದದ್ದು, ಎಡಿಟ್ ಟೈಮ್‌ಲೈನ್ ಮೇಲೆ ಕೂತಿರೋದು ಟೇಕ್ 1. ಟೇಕ್ 2, 3, 4 ಇದ್ದ ಕಾರ್ಡಿನ ಫೋಲ್ಡರೇ ಎಡಿಟ್ ಸಿಸ್ಟಮಿಗೆ ಕಾಪಿ ಆಗಿರ್ಲಿಲ್ಲ. ಬ್ಯಾಕಪ್ ಹಾರ್ಡ್ ಡಿಸ್ಕಲ್ಲಿತ್ತು, ತಂದು ಹಾಕಿದ್ವಿ, ಹತ್ತು ನಿಮಿಷದಲ್ಲಿ ಸರಿಹೋಯ್ತು.

ಅವತ್ತಿಂದ ನಾನು ಒಂದು ಕ್ರಮ ಇಟ್ಕೊಂಡಿದೀನಿ, ಅದನ್ನೇ ಇಲ್ಲಿ ಬರೀತಿದೀನಿ. ಕಂಟಿನ್ಯುಟಿ ತಪ್ಪು ಕಣ್ಣಿಗೆ ಬೀಳೋದು ಎಡಿಟಲ್ಲಿ, ಹುಟ್ಟೋದು ಬೇರೆ ಎಲ್ಲೋ. ಎಲ್ಲಿ ಹುಟ್ಟಿತು ಅಂತ ಗೊತ್ತಾಗದೆ ರಿಪೇರಿಗೆ ಕೈ ಹಾಕಿದ್ರೆ ಚಿಕ್ಕ ಸಿನಿಮಾದಲ್ಲಿ ಉಳಿದಿರೋ ಸ್ವಲ್ಪ ದುಡ್ಡೂ ಸ್ವಲ್ಪ ಟೈಮೂ ಎರಡೂ ಹೋಗತ್ತೆ. ದೊಡ್ಡ ಸಿನಿಮಾದೋರು ಗ್ರಾಫಿಕ್ಸಲ್ಲಿ ಸರಿ ಮಾಡಿಸ್ಕೋತಾರೆ, ನಮ್ಮಂಥೋರಿಗೆ ಆ ದಾರಿ ಇಲ್ಲ, ಅದಕ್ಕೇ ಹುಡುಕೋ ಕೆಲಸ ಸರಿಯಾಗಿ ಆಗ್ಬೇಕು.

ಮೊದಲು ನೋಡ್ಬೇಕಾದ್ದು: ಫೈಲಾ, ಎಡಿಟ್ ಆರ್ಡರಾ, ಶಾಟೇನಾ

ಯಾವ ತಪ್ಪು ಕಂಡ್ರೂ ಮೊದಲು ಆ ಎರಡೂ ಶಾಟಿನ ರಾ ಫೂಟೇಜ್ ತೆಗೀರಿ, ಕ್ಲ್ಯಾಪ್ ಬೋರ್ಡ್ ಕಾಣೋ ಜಾಗದಿಂದ ನೋಡಿ. ಸೀನ್ ನಂಬರ್, ಶಾಟ್, ಟೇಕ್ ಮೂರೂ ನೋಟ್ ಬುಕ್ಕಿನ ಜೊತೆ ತಾಳೆ ಆಗ್ಬೇಕು. ತಾಳೆ ಆಗ್ಲಿಲ್ಲ ಅಂದ್ರೆ ದೋಷ ಫೈಲಲ್ಲಿದೆ, ಸೆಟ್ಟಲ್ಲಿದ್ದೋರನ್ನ ಬೈಯೋಕೆ ಹೋಗ್ಬೇಡಿ. ಕಾರ್ಡಿಂದ ಕಾಪಿ ಆದ ಫೈಲ್ ಎಷ್ಟು, ಒಟ್ಟು ಸೈಜ್ ಎಷ್ಟು ಅಂತ ಅವತ್ತೇ ರಾತ್ರಿ ಬರೆದಿಟ್ಟಿದ್ರೆ ಇದು ಎರಡು ನಿಮಿಷದ ಕೆಲಸ.

ತಾಳೆ ಆದ್ರೆ ಮುಂದಿನದು ಎಡಿಟ್ ಆರ್ಡರ್. ಸ್ಕ್ರಿಪ್ಟಲ್ಲಿ ಸೀನ್ 38 ಆದ್ಮೇಲೆ 42 ಇದ್ದಿದ್ದನ್ನ ಕಥೆ ಓಟಕ್ಕೆ ಅಂತ ಹಿಂದೆ ಮುಂದೆ ಮಾಡಿರ್ತಾರೆ, ಆಗ ಏಟು ಬೀಳೋ ಮುಂಚೆನೇ ಹೀರೋ ಹಣೆ ಮೇಲೆ ಬ್ಯಾಂಡೇಜ್ ಬಂದಿರತ್ತೆ, ಮದುವೆಗೆ ಮುಂಚೆನೇ ಹುಡುಗಿ ಕುತ್ತಿಗೇಲಿ ತಾಳಿ ಇರತ್ತೆ. ಶಾಟೂ ಸರಿ, ಸೆಟ್ಟಲ್ಲಿದ್ದೋರೂ ಸರಿ, ಎಡಿಟರ್ ಮಾಡಿದ ಬದಲಾವಣೇನೂ ಸೀನಿಗೆ ಒಳ್ಳೇದೇ ಆಗಿರ್ಬೋದು, ಆದ್ರೆ ಎರಡೂ ಒಟ್ಟಿಗೆ ನಿಲ್ಲಲ್ಲ. ಪರೀಕ್ಷೆ ಸುಲಭ: ಆ ಭಾಗನ ಒಂದು ಕಾಪಿ ಮಾಡಿ ಸ್ಕ್ರಿಪ್ಟ್ ಆರ್ಡರಲ್ಲೇ ಜೋಡಿಸಿ ಒಂದ್ಸಲ ಓಡಿಸಿ. ತಪ್ಪು ಮಾಯ ಆದ್ರೆ ಅದು ಆರ್ಡರಿಂದ ಬಂದಿದ್ದು. ಆಗ ಎರಡೇ ದಾರಿ, ವಾಪಸ್ ಹಾಕೋದು, ಇಲ್ಲಾಂದ್ರೆ ಬ್ಯಾಂಡೇಜ್ ಕಾಣದ ಹಾಗೆ ಆ ಸೀನನ್ನ ಬೇರೆಯವರ ಮುಖದ ಮೇಲೆ ಕಟ್ ಮಾಡೋದು.

ಆಮೇಲೂ ತಪ್ಪು ಹಾಗೇ ಇದ್ರೆ ಮಾತ್ರ ಶಾಟಿನ ಒಳಗೆ ಹೋಗಿ.

ಒಂದೇ ಸೀನಿನ ಒಳಗೆ ಎಗರೋ ವಸ್ತುಗಳು

ಲೋಟದಲ್ಲಿ ಕಾಫಿ ಮಟ್ಟ, ಸೆರಗು, ಕೈ ಎಲ್ಲಿತ್ತು, ಕನ್ನಡಕ ಹಾಕಿದ್ರಾ ತೆಗೆದಿದ್ರಾ, ಶರ್ಟಿನ ಮೇಲಿನ ಗುಂಡಿ, ಬಾಗಿಲು ಎಷ್ಟು ತೆಗೆದಿತ್ತು. ಇವು ಅತಿ ಸಾಮಾನ್ಯ. ಹುಟ್ಟೋದು ಹೀಗೆ: ಮಾಸ್ಟರ್ ಬೆಳಿಗ್ಗೆ ಆಗತ್ತೆ, ಕ್ಲೋಸ್ ಊಟ ಆದ್ಮೇಲೆ ಆಗತ್ತೆ, ನಡುವೆ ಎರಡು ಗಂಟೆ, ಕಲಾವಿದರಿಗೆ ಯಾವ ಮಾತಿಗೆ ಲೋಟ ಎತ್ತಿದ್ವಿ ಅನ್ನೋದು ಮರೆತೋಗಿರತ್ತೆ. ಅವರ ತಪ್ಪಲ್ಲ ಇದು. ಅವರು ಪಾತ್ರದ ಒಳಗಿರ್ತಾರೆ, ಲೋಟದ ಲೆಕ್ಕ ಹೊರಗಿರೋರು ಇಟ್ಕೋಬೇಕು.

ಎಷ್ಟು ಎಗರಿದೆ ಅಂತ ಅಳೆಯೋಕೆ ನಾನು ಮಾಡೋದು: ಹೋಗೋ ಶಾಟಿನ ಕೊನೆ ಫ್ರೇಮ್, ಬರೋ ಶಾಟಿನ ಮೊದಲ ಫ್ರೇಮ್ ಎರಡನ್ನೂ ಸ್ಟಿಲ್ ತೆಗೆದು ಪಕ್ಕಪಕ್ಕ ಇಟ್ಟು ನೋಡೋದು. ಆಮೇಲೆ ಸೌಂಡ್ ಮ್ಯೂಟ್ ಮಾಡಿ ಸೀನ್ ಓಡಿಸೋದು. ಸೌಂಡ್ ಇದ್ದಾಗ ಮಾತು ಕಣ್ಣನ್ನ ಎಳ್ಕೊಂಡು ಹೋಗ್ಬಿಡತ್ತೆ, ಮ್ಯೂಟಲ್ಲಿ ನೋಡಿದ್ರೆ ಕೈ ಕಾಲು ಲೋಟ ತಟ್ಟೆ ಎಲ್ಲ ಎದ್ದು ಕಾಣತ್ತೆ. ಮ್ಯೂಟಲ್ಲಿ ಕಂಡು, ಸೌಂಡ್ ಹಾಕಿದಾಗ ಕಾಣದೇ ಹೋದ್ರೆ ಪ್ರೇಕ್ಷಕರಿಗೂ ಬಹುಶಃ ಕಾಣಲ್ಲ, ಅದನ್ನ ಪಟ್ಟೀಲಿ ಕೊನೇಗೆ ಹಾಕಿ.

ಸರಿ ಮಾಡೋದಕ್ಕೆ ಕಡಿಮೆ ಖರ್ಚಿಂದ ಶುರು ಮಾಡಿ. ಬೇರೆ ಟೇಕ್ ನೋಡಿ, ಅಭಿನಯ ಸ್ವಲ್ಪ ಕಡಿಮೆ ಇದ್ರೂ ಮಾತು ಮಾತ್ರ ಓಕೆ ಟೇಕಿಂದ ತಗೊಂಡು ಚಿತ್ರ ಬೇರೆ ಟೇಕಿಂದ ಹಾಕಬೋದು, ಮುಖ ಅತ್ಲಾಗೆ ತಿರುಗಿದ್ರೆ ತುಟಿ ತಾಳೆ ಸಮಸ್ಯೇನೂ ಇಲ್ಲ. ಎರಡು ಶಾಟಿನ ನಡುವೆ ಕೇಳಿಸ್ಕೊಳ್ತಿರೋರ ಮುಖ ಎರಡು ಸೆಕೆಂಡ್ ಹಾಕಿ, ಆ ಎರಡು ಸೆಕೆಂಡಲ್ಲಿ ಲೋಟ ಕೆಳಗೆ ಬಂತು ಅಂತ ನೋಡೋರೇ ಅಂದ್ಕೋತಾರೆ. 4ಕೆ ಅಲ್ಲಿ ತೆಗೆದು 2ಕೆ ಅಲ್ಲಿ ಮುಗಿಸ್ತಿದ್ರೆ ಹತ್ತಿರ ಹತ್ತಿರ ಎರಡರಷ್ಟು ಝೂಮ್ ಮಾಡಿದ್ರೂ ಚಿತ್ರ ಒಡೆಯಲ್ಲ, ತಟ್ಟೇನ ಫ್ರೇಮಿಂದ ಹೊರಗೆ ತಳ್ಳೋಕೆ ಅದು ಸಾಕು. ಕ್ಯಾಮೆರಾ ಅಲುಗಾಡದೆ ಸ್ಟ್ಯಾಂಡ್ ಮೇಲಿದ್ದ ಶಾಟಾದ್ರೆ ಫ್ರೇಮಿನ ಅರ್ಧ ಒಂದು ಟೇಕಿಂದ, ಇನ್ನರ್ಧ ಇನ್ನೊಂದು ಟೇಕಿಂದ ಜೋಡಿಸಬೋದು, ಇದನ್ನ ಎಷ್ಟೋ ಜನ ಮರೀತಾರೆ. ಇವು ಯಾವುದೂ ಆಗ್ಲಿಲ್ಲ ಅಂದ್ರೆ ಕೊನೇಗೆ ಪ್ಯಾಚ್ ವರ್ಕ್, ಅಂದ್ರೆ ಬೇಕಾದ ಚೂರನ್ನ ಮತ್ತೆ ಶೂಟ್ ಮಾಡೋದು.

ಗೋಡೆ ಗಡಿಯಾರದ ಬಗ್ಗೆ ಒಂದೇ ಮಾತು. ಸೆಟ್ಟಿಗೆ ಹೋದ ತಕ್ಷಣ ಸೆಲ್ ತೆಗೆದುಬಿಡಿ, ಸೀನಿಗೆ ಬೇಕಾದ ಟೈಮ್ ಕೈಯಲ್ಲೇ ಇಡಿ. ಎಡಿಟಲ್ಲಿ ಗಡಿಯಾರ ಸರಿ ಮಾಡೋಕೆ ಆಗೋ ಖರ್ಚು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಬಿಸಿಲು ಓಡಿಹೋಗೋದು

ಹೊರಾಂಗಣದಲ್ಲಿ ನಮಗೆ ಅತಿ ಹೆಚ್ಚು ಕಾಟ ಕೊಡೋದು ಇದೇ. ಸೂರ್ಯ ಗಂಟೆಗೆ 15 ಡಿಗ್ರಿ ಸರೀತಾನೆ. ಮೂರು ಗಂಟೆ ಒಂದೇ ಸೀನ್ ಮೇಲೆ ಕೂತ್ರೆ 45 ಡಿಗ್ರಿ ಹೋಯ್ತು, ಬೆಳಿಗ್ಗೆ ಒಂಬತ್ತಕ್ಕೆ ಹೀರೋ ಕೆನ್ನೆ ಮೇಲಿದ್ದ ಬೆಳಕು ಹನ್ನೆರಡಕ್ಕೆ ತಲೆ ಮೇಲಿರತ್ತೆ, ಕಣ್ಣು ಗುಳಿ ಬಿದ್ದ ಹಾಗೆ ಕಾಣತ್ತೆ. ಕಟ್ ಮಾಡಿದಾಗ ನೋಡೋರಿಗೆ ಏನು ತಪ್ಪು ಅಂತ ಹೇಳೋಕೆ ಬರಲ್ಲ, ಆದ್ರೆ ಇಬ್ರೂ ಬೇರೆ ಬೇರೆ ಕಡೆ ನಿಂತು ಮಾತಾಡಿದ ಹಾಗೆ ಅನ್ಸತ್ತೆ. ಅದಕ್ಕೆ ಈ ದೋಷನ ಪತ್ತೆ ಮಾಡೋದು ಕಷ್ಟ, ಯಾಕಂದ್ರೆ ನೋಡಿದೋರು ಬಂದು "ಅಭಿನಯ ಒಪ್ಪಲಿಲ್ಲ" ಅಂತಾರೆ, ನೀವು ಪಾಪ ಕಲಾವಿದರ ಮೇಲೆ ಅನುಮಾನ ಪಡ್ತೀರ.

ಪರೀಕ್ಷೆ ಇದು: ಎರಡೂ ಶಾಟಲ್ಲಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಆಮೇಲೆ ನೆಲದ ಮೇಲೆ ಕಂಬದ್ದೋ ಮರದ್ದೋ ನೆರಳು ಇದ್ರೆ ಉದ್ದ ನೋಡಿ. ದಿಕ್ಕು ಬೇರೆ ಆಗಿದ್ರೆ ಕೊನೇಲಿ ಬಣ್ಣ ತಿದ್ದೋ ಡಿಐ ಹಂತದಲ್ಲಿ ಕಲರ್ ಎಷ್ಟು ತಿದ್ದಿದ್ರೂ ಕೂಡಲ್ಲ. ಬಣ್ಣ ಮಾತ್ರ ಬೇರೆ, ದಿಕ್ಕು ಒಂದೇ ಅಂದ್ರೆ ಕೂಡತ್ತೆ, ಕಲರಿಸ್ಟ್ ಹತ್ರ ಧೈರ್ಯವಾಗಿ ಹೋಗಿ. ಮೋಡ ಬಂದು ಹೋಗಿ ಮಾಡಿದ ದಿನ ತೆಗೆದಿದ್ರೆ ಅರ್ಧ ಶಾಟಲ್ಲಿ ನೆರಳೇ ಇರಲ್ಲ, ಅದು ಇನ್ನೂ ಕಷ್ಟ. ಅಂಥ ದಿನ ಹತ್ತು ನಿಮಿಷ ಕಾದು ಒಂದೇ ಥರದ ಬೆಳಕಲ್ಲಿ ತೆಗೆಯೋದೇ ವಾಸಿ.

ಮುಂದಿನ ಸಲ ಆಗದ ಹಾಗೆ ಮಾಡೋಕೆ: ವೈಡ್ ಶಾಟ್ ಎಲ್ಲ ಮೊದಲು ಒಂದೂವರೆ ಗಂಟೆ ಒಳಗೆ ಮುಗಿಸಿ, ಕ್ಲೋಸ್ ಆಮೇಲೆ ತಗೊಳ್ಳಿ, ಕ್ಲೋಸಿಗೆ ತಲೆ ಮೇಲೆ ಬಿಳಿ ಬಟ್ಟೆ ಹಿಡಿದು, ಬದಿಯಿಂದ ಥರ್ಮಾಕೋಲಲ್ಲಿ ಬೆಳಕು ತಿರುಗಿಸಿ ಬೆಳಗಿನ ದಿಕ್ಕನ್ನೇ ಕೊಡಬೋದು. ದುಡ್ಡು ಬೇಕಾಗಿಲ್ಲ ಇದಕ್ಕೆ, ಬೆಳಿಗ್ಗೆ ಬೆಳಕು ಯಾವ ಕಡೆ ಇತ್ತು ಅಂತ ಯಾರಾದ್ರೂ ಬರೆದಿಟ್ಟಿರ್ಬೇಕು ಅಷ್ಟೇ.

ಒಳಗಡೆ ಟ್ಯೂಬ್ ಲೈಟ್ ಕೆಳಗೆ ತೆಗೆದ ಶಾಟು ಮಿನುಗ್ತಿದ್ರೆ ಅದು ಕಂಟಿನ್ಯುಟಿ ತಪ್ಪಲ್ಲ, ಶಟರ್ ತಪ್ಪು, ಅಂದ್ರೆ ಒಂದೊಂದು ಫ್ರೇಮಿಗೂ ಕ್ಯಾಮೆರಾ ಬೆಳಕು ತಗೊಳ್ಳೋ ಹೊತ್ತಿನ ತಪ್ಪು. ನಮ್ಮ ಕರೆಂಟ್ 50 ಹರ್ಟ್ಜ್, ಲೈಟು ಸೆಕೆಂಡಿಗೆ 100 ಸಲ ಏರಿಳಿಯತ್ತೆ, ಶಟರ್ ಸೆಕೆಂಡಿನ 1/50 ಇಲ್ಲಾಂದ್ರೆ 1/100 ಇರ್ಬೇಕು. ಫೋನಲ್ಲಿ 30 ಫ್ರೇಮ್, 1/60 ಅಂತ ಬಿಟ್ಟು ತೆಗೆದ ಇನ್ಸರ್ಟುಗಳಲ್ಲೇ, ಅಂದ್ರೆ ಸೀನಿನ ನಡುವೆ ಸೇರಿಸೋ ಚಿಕ್ಕ ಚಿಕ್ಕ ಶಾಟುಗಳಲ್ಲೇ, ಇದು ಜಾಸ್ತಿ.

ಎರಡು ಶೆಡ್ಯೂಲ್ ನಡುವೆ ಆಗೋದು

ಇದು ನಮ್ಮ ಕಡೆಯ ಚಿಕ್ಕ ಸಿನಿಮಾಗಳ ಖಾಯಿಲೆ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಬರೀತೀನಿ. ದುಡ್ಡು ಮುಗೀತು, ಶೂಟ್ ನಿಂತ್ತು, ಎರಡು ತಿಂಗಳಾದ್ಮೇಲೆ ಮತ್ತೆ ಶುರು ಆಯ್ತು. ಅಷ್ಟರಲ್ಲಿ ಹೀರೋ ಬೇರೆ ಸೀರಿಯಲ್‌ಗೆ ಅಂತ ಗಡ್ಡ ತೆಗೆಸಿದ್ದಾನೆ, ಹೀರೋಯಿನ್ ಕೂದಲು ಕತ್ತರಿಸಿದ್ದಾರೆ, ತಂಗಿ ಪಾತ್ರದ ಮಗು ಎರಡು ಇಂಚು ಬೆಳೆದಿದೆ, ಶೂಟಿಂಗ್ ಮನೆಯವರು ದೀಪಾವಳಿಗೆ ಸುಣ್ಣ ಬಳಿಸಿದ್ದಾರೆ. ನಮ್ಮದೊಂದು ಚಿತ್ರದಲ್ಲಿ ಮೊದಲ ಶೆಡ್ಯೂಲ್ ಹಿಂಗಾರಿನ ಹೊತ್ತಲ್ಲಿ ಆಗಿತ್ತು, ಮನೆ ಹಿಂದೆ ಹಸಿರು ರಾಗಿ ಹೊಲ, ನೋಡೋಕೇ ಸೊಗಸು. ಎರಡನೇ ಶೆಡ್ಯೂಲಿಗೆ ಹೋಗೋ ಹೊತ್ತಿಗೆ ಕಟಾವಾಗಿ ಮೆದೆ ಹಾಕಿ ಹೊಲ ಬೋಳು. ಕಥೆ ಪ್ರಕಾರ ಎರಡೂ ಸೀನು ಒಂದೇ ಸಾಯಂಕಾಲ. ಅಪ್ಪ ಹೊಲದ ಬದೀಲಿ ನಿಂತು ಮಗನ್ನ ಕೂಗ್ತಾನೆ, ಹಿಂದೆ ಹಸಿರು. ಮಗ ತಿರುಗಿ ನೋಡ್ತಾನೆ, ಹಿಂದೆ ಕೂಳೆ.

ನಿರ್ದೇಶಕರು ಮೊದಲು ಹೇಳಿದ್ದು "ಹಸಿರು ಬಣ್ಣ ಹೊಡೆದು ಕಲರಲ್ಲಿ ಸರಿ ಮಾಡ್ಸೋಣ" ಅಂತ. ಆಗಲ್ಲ ಅದು, ಪೈರಿನ ಎತ್ತರನೇ ಇಲ್ಲ, ಬಣ್ಣ ಯಾವುದಕ್ಕೆ ಹೊಡೀತೀರ. ನಾವು ಕೊನೇಗೆ ಮಗನ ಶಾಟನ್ನ ಮನೆ ಜಗಲಿ ಕಡೆಗೆ ತಿರುಗಿಸಿ ಮತ್ತೆ ತೆಗೆದ್ವಿ, ಹಿಂದೆ ಬರೀ ಗೋಡೆ. ಅಪ್ಪ ಹೊಲದಲ್ಲಿ, ಮಗ ಜಗಲೀಲಿ, ಧ್ವನಿ ಮಾತ್ರ ನಡುವೆ ಓಡಾಡತ್ತೆ. ನನ್ನ ಅಭಿಪ್ರಾಯದಲ್ಲಿ ಮೊದಲಿದ್ದಿದ್ದಕ್ಕಿಂತ ಸೀನು ಚೆನ್ನಾಗೇ ಆಯ್ತು.

ಈ ಜಾತಿ ದೋಷ ಪತ್ತೆ ಮಾಡೋಕೆ ಎಡಿಟ್ ತನಕ ಕಾಯ್ಲೇಬಾರದು. ಎರಡನೇ ಶೆಡ್ಯೂಲ್ ಶುರು ಆಗೋಕೆ ಒಂದು ವಾರ ಮುಂಚೆ ಮೊದಲ ಶೆಡ್ಯೂಲಿನ ಫೋಟೋ ಎಲ್ಲ ಹಿಡ್ಕೊಂಡು ಆ ಜಾಗಕ್ಕೇ ಹೋಗಿ ನಿಂತು ನೋಡಿ ಬನ್ನಿ. ಮಾವು ಹೂ ಬಿಟ್ಟಿದ್ಯಾ, ಮುತ್ತುಗ ಕೆಂಪಾಗಿದ್ಯಾ, ಕೆರೇಲಿ ನೀರಿದ್ಯಾ, ರಸ್ತೆಗೆ ಟಾರ್ ಹಾಕಿದ್ದಾರಾ, ಎದುರು ಮನೆಯವರು ಹೊಸದಾಗಿ ಕಾಂಪೌಂಡ್ ಕಟ್ಟಿದ್ದಾರಾ. ಕಲಾವಿದರಿಗೂ ಒಂದು ವಾರ ಮುಂಚೆ ವಿಡಿಯೋ ಕಾಲ್ ಮಾಡಿ ಮುಖ ನೋಡಿ. "ಸರ್ ಗಡ್ಡ ಹಾಗೇ ಇದ್ಯಾ" ಅಂತ ಫೋನಲ್ಲಿ ಕೇಳಿದ್ರೆ ಎಲ್ರೂ ಹೂಂ ಅಂತಾನೇ ಹೇಳ್ತಾರೆ.

ಹೆಂಗಸರ ಪಾತ್ರಗಳಿಗೆ ನೋಡ್ಬೇಕಾದ್ದು ಇನ್ನೂ ಸೂಕ್ಷ್ಮ. ಬಳೆ ಎಷ್ಟು, ಗಾಜಿಂದಾ ಚಿನ್ನದ್ದಾ, ತಾಳಿ ಸೆರಗಿನ ಒಳಗಾ ಹೊರಗಾ, ಕಾಲುಂಗುರ ಇದ್ಯಾ, ಕುಂಕುಮ ದುಂಡಗಾ ಉದ್ದಕ್ಕಾ, ಮುಡಿದಿರೋ ಮಲ್ಲಿಗೆ ಮೊಗ್ಗಾ ಅರಳಿದ್ದಾ ಬಾಡಿದ್ದಾ. ಮಲ್ಲಿಗೆ ವಿಷಯ ಚಿಕ್ಕದು ಅನ್ಸತ್ತೆ, ಆದ್ರೆ ಥಿಯೇಟರಲ್ಲಿ ಕೂತಿರೋ ಹೆಂಗಸರಿಗೆ ಅದು ಮೊದಲು ಕಾಣತ್ತೆ. ನಮ್ಮ ಅತ್ತೆ ಒಂದು ಚಿತ್ರ ನೋಡಿ ಬಂದು ಕಥೆ ಬಗ್ಗೆ ಒಂದು ಮಾತೂ ಆಡದೆ "ಆ ಹುಡುಗಿ ಬೆಳಿಗ್ಗೆ ಮುಡಿದ ಹೂವು ರಾತ್ರಿ ತನಕ ಮೊಗ್ಗಾಗೇ ಇತ್ತಲ್ಲೋ" ಅಂದಿದ್ರು. ಗಂಡಸರಲ್ಲಿ ವಿಭೂತಿ ಪಟ್ಟೆ, ನಾಮ, ಜನಿವಾರ ಯಾವ ಭುಜದ ಮೇಲಿದೆ, ಶಿವದಾರ ಇದ್ಯಾ. ಜನಿವಾರ ಬಲಗಡೆಗೆ ಬಂದ್ರೆ ಅರ್ಥಾನೇ ಬೇರೆ ಆಗತ್ತೆ, ಅದು ಅಪರ ಕರ್ಮಕ್ಕೆ. ಎಡಿಟಲ್ಲಿ ಯಾರೋ ಶಾಟನ್ನ ಕನ್ನಡೀಲಿ ಕಂಡ ಹಾಗೆ ಎಡ ಬಲ ತಿರುಗಿಸಿ ಫ್ಲಿಪ್ ಮಾಡಿದ್ರೂ ಹೀಗೇ ಆಗತ್ತೆ, ಸೆರಗೂ ಬಲಕ್ಕೆ ಬಂದ್ಬಿಡತ್ತೆ, ಶರ್ಟಿನ ಜೇಬೂ ಬಲಕ್ಕೆ ಬರತ್ತೆ. ಹಾಗಾಗಿ ಜನಿವಾರನೋ ಸೆರಗೋ ಜೇಬೋ ತಿರುವು ಮುರುವಾಗಿ ಕಂಡ್ರೆ ಕಾಸ್ಟ್ಯೂಮರ್‌ನ ಕೇಳೋ ಮುಂಚೆ ಶಾಟ್ ಫ್ಲಿಪ್ ಆಗಿದ್ಯಾ ನೋಡಿ.

ನೋಟ ತಪ್ಪಿದ್ರೆ, ಸದ್ದು ತಪ್ಪಿದ್ರೆ

ಇಬ್ರು ಎದುರುಬದುರು ಮಾತಾಡ್ತಿದ್ದಾರೆ, ಕಟ್ ಮಾಡಿದ್ರೆ ಇಬ್ರೂ ಒಂದೇ ಕಡೆ ನೋಡ್ತಿದ್ದಾರೆ. ಕ್ಯಾಮೆರಾ ಅವರಿಬ್ರ ನಡುವೆ ಎಳೆದಿದೆ ಅಂತ ಅಂದ್ಕೊಳ್ಳೋ ಗೆರೆ ದಾಟಿ ಆ ಕಡೆ ಹೋಗಿದೆ ಅಂತ ಅರ್ಥ. ಮನೆ ಚಿಕ್ಕದು, ಕ್ಯಾಮೆರಾ ಇಡೋಕೆ ಜಾಗ ಇಲ್ಲ, ಅನುಕೂಲ ನೋಡ್ಕೊಂಡು ಆ ಮೂಲೆಗೆ ಹೋಗಿರ್ತೀರ. ಹಿಂದೆ ಕ್ಯಾಲೆಂಡರ್, ಅಂಗಡಿ ಬೋರ್ಡ್ ಥರ ಅಕ್ಷರ ಇಲ್ದೆ ಇದ್ರೆ, ಮುಖದ ಮೇಲೆ ಮಚ್ಚೆ ಗಾಯ ಇಲ್ದೆ ಇದ್ರೆ, ಈಗ ಹೇಳಿದ ಸೆರಗು ಜೇಬು ಕಾಣದಷ್ಟು ಹತ್ತಿರದ ಕ್ಲೋಸಾದ್ರೆ ಫ್ಲಿಪ್ ಮಾಡಿ ಬಚಾವಾಗ್ಬೋದು. ಇಲ್ಲಾಂದ್ರೆ ನಡುವೆ ಇಬ್ರೂ ಕಾಣೋ ವೈಡ್ ಹಾಕಿ.

ಸದ್ದಿನ ದೋಷನ ಕಣ್ಣಲ್ಲಿ ಹುಡುಕ್ಬೇಡಿ, ಕಣ್ಣು ಮುಚ್ಚಿ ಸೀನ್ ಕೇಳಿ. ಕಟ್ ಆಗೋ ಜಾಗದಲ್ಲಿ ಫ್ಯಾನ್ ಸದ್ದು ನಿಂತು ಮತ್ತೆ ಬಂತಾ, ಕೋಗಿಲೆ ಅರ್ಧ ಕೂಗಿ ನಿಂತ್ತಾ. ಲೈವ್ ಸೌಂಡ್ ಮಾಡಿದ್ರೆ ಪ್ರತಿ ಜಾಗದಲ್ಲೂ ಎಲ್ರನ್ನೂ ಸುಮ್ನೆ ಕೂರ್ಸಿ ಒಂದು ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡ್ಕೊಂಡಿದ್ರೆ ಇದೆಲ್ಲ ಮುಚ್ಚತ್ತೆ. ಫೋನಲ್ಲಿ ತೆಗೆದ ಉದ್ದ ಶಾಟಲ್ಲಿ ತುಟಿ ಸದ್ದು ನಿಧಾನಕ್ಕೆ ದೂರ ದೂರ ಆಗ್ತಾ ಹೋದ್ರೆ ಫೋನ್ ಫ್ರೇಮ್ ರೇಟನ್ನ ತಾನೇ ಏರಿಳಿಸಿದೆ, ಎಡಿಟಿಗೆ ಹಾಕೋ ಮುಂಚೆ ಒಂದೇ ರೇಟಿಗೆ ಕನ್ವರ್ಟ್ ಮಾಡ್ಕೊಳ್ಳಿ.

ವಿಷಯದ ತಪ್ಪುಗಳು

ಇವು ಬೇರೆ ಜಾತಿ. ಇಲ್ಲಿ ಎರಡು ಶಾಟಿಗೂ ಜಗಳ ಇಲ್ಲ, ಸಿನಿಮಾಗೂ ಲೋಕಕ್ಕೂ ಜಗಳ. ಹುಟ್ಟೋದು ಸ್ಕ್ರಿಪ್ಟಲ್ಲಿ ಇಲ್ಲಾಂದ್ರೆ ಲೊಕೇಷನಲ್ಲಿ, ಹಾಗಾಗಿ ಎಡಿಟ್ ರೂಮಲ್ಲಿ ರಾ ಫೂಟೇಜ್ ಎಷ್ಟು ತಿರುವಿದ್ರೂ ಏನೂ ಸಿಗಲ್ಲ. ಹುಡುಕೋ ವಿಧಾನ ಒಂದೇ: ಈ ಸೀನ್ ಯಾವ ವರ್ಷ, ಯಾವ ತಿಂಗಳು, ಯಾವ ಹೊತ್ತು ಅಂತ ಪ್ರತಿ ಸೀನಿನ ಪಕ್ಕ ಬರ್ಕೊಳ್ಳಿ, ಆಮೇಲೆ ಫ್ರೇಮಲ್ಲಿ ಕಾಣೋ ಒಂದೊಂದು ವಸ್ತುಗೂ "ನೀನು ಆಗ ಇದ್ದ್ಯಾ" ಅಂತ ಕೇಳಿ.

1968ರ ಕಥೆ ಅಂತ ಹೇಳಿ ಸ್ಕೂಲ್ ಗೋಡೆ ಮೇಲೆ ಕರ್ನಾಟಕ ಸರ್ಕಾರ ಅಂತ ಬರೆಸಿದ್ರೆ ತಪ್ಪು, ನಮ್ಮ ರಾಜ್ಯಕ್ಕೆ ಆ ಹೆಸರು ಬಂದಿದ್ದು 1973ರ ನವೆಂಬರ್ 1ಕ್ಕೆ, ಅಲ್ಲಿ ತನಕ ಮೈಸೂರು ರಾಜ್ಯ. ಅದೇ ಕಾಲದ ಕಾಗದದ ಮೇಲೆ ಪಿನ್ ಕೋಡ್ ಇರಂಗಿಲ್ಲ, ಅದು ಬಂದಿದ್ದು 1972ರ ಆಗಸ್ಟ್ 15ಕ್ಕೆ. 1980ರ ಬೆಂಗಳೂರಲ್ಲಿ ಬಿಎಂಟಿಸಿ ಬಸ್ ಓಡ್ಬಾರ್ದು, ಬಿಟಿಎಸ್ ಓಡ್ಬೇಕು, ಬಿಎಂಟಿಸಿ ಆಗಿದ್ದು 1997ರಲ್ಲಿ. ಗಾಡಿ ನಂಬರ್ ಪ್ಲೇಟಲ್ಲಿ ಕೆಎ ಅನ್ನೋದು 1989ರ ಹೊಸ ನಿಯಮ ಆದ್ಮೇಲೆ, ಅದಕ್ಕಿಂತ ಹಿಂದೆ ಎಂ ಇಂದನೋ ಸಿ ಇಂದನೋ ಶುರುವಾಗೋ ಮೂರು ಅಕ್ಷರ ಇರ್ತಿತ್ತು. ಕಿರಾಣಿ ಅಂಗಡಿ ಬೋರ್ಡಲ್ಲಿ ಈಗಿನ ರೂಪಾಯಿ ಚಿಹ್ನೆ ಇದ್ರೆ ಅದು 2010ರ ಜುಲೈ ಆದ್ಮೇಲಿನ ಅಂಗಡಿ. ನೋಟಿನ ಕಂತೆ ಎಣಿಸೋ ಸೀನಂತೂ ತುಂಬ ಎಚ್ಚರಿಕೆ: ಈಗಿನ 500ರ ನೋಟು ಬಂದಿದ್ದು 2016ರ ನವೆಂಬರಲ್ಲಿ, 200ರದ್ದು 2017ರಲ್ಲಿ, ನೇರಳೆ ಬಣ್ಣದ 100ರದ್ದು 2018ರಲ್ಲಿ. 2005ರ ಕಥೇಲಿ ಸಾಲ ತೀರ್ಸೋ ಅಪ್ಪನ ಕೈಯಲ್ಲಿ ಹೊಸ 500 ಕಂಡ್ರೆ ಆ ಕ್ಷಣದ ಭಾರ ಅಲ್ಲೇ ಹೋಯ್ತು.

ಪೊಲೀಸ್ ಸೀನ್ ಬರೆಯೋರು ಈಗ ಹೊಸದಾಗಿ ಕಲೀಬೇಕಾದ್ದು ಒಂದಿದೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರಲ್ಲಿ ಕೊಲೆ 103, ವಂಚನೆ 318. ಇವತ್ತಿನ ಕಥೇಲಿ ಇನ್‌ಸ್ಪೆಕ್ಟರ್ "302 ಹಾಕ್ತೀನಿ" ಅಂದ್ರೆ ತಪ್ಪು, ಆದ್ರೆ ಕೊಲೆ ಆಗಿದ್ದೇ ಆ ತಾರೀಖಿಗಿಂತ ಮುಂಚೆ ಅಂತ ಕಥೆ ಇದ್ರೆ 302 ಸರಿ. ಇದು ಡಬ್ಬಿಂಗಲ್ಲೇ ಸರಿ ಮಾಡಬೋದಾದ ತಪ್ಪು, ಕ್ಯಾಮೆರಾ ಆಕಡೆ ಇರೋವಾಗ ನಂಬರ್ ಬದಲಾಯಿಸಿ ಹೇಳಿಸಿ. ಕೋರ್ಟಲ್ಲಿ ಜಡ್ಜ್ ಕೈಗೆ ಮರದ ಸುತ್ತಿಗೆ ಕೊಡ್ಬೇಡಿ, ನಮ್ಮ ಕೋರ್ಟುಗಳಲ್ಲಿ ಆ ಪದ್ಧತಿ ಇಲ್ಲ. ಆಸ್ಪತ್ರೆ ಸೀನಲ್ಲಿ ಮಾನಿಟರ್ ಮೇಲೆ ಗೆರೆ ನೇರ ಆದ ತಕ್ಷಣ ಎದೆಗೆ ಶಾಕ್ ಕೊಡಿಸ್ತಾರಲ್ಲ, ನಿಜವಾಗಿ ಆ ಸ್ಥಿತೀಲಿ ಶಾಕ್ ಕೊಡಲ್ಲ, ಎದೆ ಒತ್ತುತ್ತಾರೆ, ಅಡ್ರಿನಲಿನ್ ಕೊಡ್ತಾರೆ. ಎದೆ ಒತ್ತೋದು ನೋಡೋಕೂ ಹೆಚ್ಚು ತಟ್ಟತ್ತೆ, ಬಾಡಿಗೆ ಮೆಷಿನ್ನೂ ಬೇಡ.

ನನಗೆ ತುಂಬ ಬೇಜಾರಾಗೋದು ಚಂದ್ರನ ವಿಷಯದಲ್ಲಿ. ಸ್ಟಾಕ್ ಫೂಟೇಜಲ್ಲಿ ಹುಣ್ಣಿಮೆ ಚಂದ್ರ ಸಿಗತ್ತೆ, ಎಲ್ಲ ರಾತ್ರಿಗೂ ಅದನ್ನೇ ಹಾಕ್ತಾರೆ. ಶಿವರಾತ್ರಿ ಜಾಗರಣೆ ಸೀನಿಗೆ ಹುಣ್ಣಿಮೆ ಚಂದ್ರ ಬಂದ್ರೆ ಹಳ್ಳೀಲಿ ಬೆಳೆದ ಯಾರಿಗಾದ್ರೂ ಕಸಿವಿಸಿ ಆಗತ್ತೆ, ಅದು ಬಹುಳ ಚತುರ್ದಶಿ, ಆಚೆ ದಿನ ಅಮಾವಾಸ್ಯೆ, ರಾತ್ರಿ ಎಲ್ಲ ಕತ್ತಲೆ. ದೀಪಾವಳಿ ಅಮಾವಾಸ್ಯೆಗೂ ಅಷ್ಟೇ, ಚಂದ್ರ ಇಲ್ಲ ಅಂತಾನೇ ದೀಪಕ್ಕೆ ಅಷ್ಟು ಕಳೆ. ಗೋಕುಲಾಷ್ಟಮೀಲಿ ಚಂದ್ರ ಹುಟ್ಟೋದೇ ನಡುರಾತ್ರಿ ಹೊತ್ತಿಗೆ. ಬಿದಿಗೆ ತದಿಗೆ ಚಂದ್ರ ಸಂಜೆ ಪಶ್ಚಿಮದಲ್ಲೇ ಕಾಣ್ಬೇಕು, ಪೂರ್ವದ ಬೆಟ್ಟದ ಮೇಲೆ ಸಂಜೆ ಗೆರೆ ಚಂದ್ರ ಏರಿ ಬರಲ್ಲ. ಒಂದು ಪಂಚಾಂಗ ಸೆಟ್ಟಲ್ಲಿಟ್ಕೊಂಡ್ರೆ ಇಷ್ಟೂ ತಪ್ಪು ತಪ್ಪತ್ತೆ.

ಯಾವುದನ್ನ ಬಿಡ್ಬೇಕು

ಪಟ್ಟಿ ಮಾಡ್ತಾ ಹೋದ್ರೆ ನೂರು ತಪ್ಪು ಸಿಗತ್ತೆ, ನೂರನ್ನೂ ಸರಿ ಮಾಡೋಕೆ ನಮ್ಮಂಥೋರ ಹತ್ರ ಆಗಲ್ಲ. ಹಾಲಿವುಡ್ಡಿನ ದೊಡ್ಡ ಎಡಿಟರ್ ವಾಲ್ಟರ್ ಮರ್ಚ್ ಒಂದು ಲೆಕ್ಕ ಕೊಟ್ಟಿದ್ದಾರೆ, ಎಡಿಟಲ್ಲಿ ಒಂದು ಕಟ್ ಚೆನ್ನಾಗಿರೋಕೆ ಬೇಕಾದ್ದರಲ್ಲಿ ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ನೋಡೋರ ಕಣ್ಣು ಎಲ್ಲಿದೆ ಅನ್ನೋದಕ್ಕೆ 7, ಪರದೆ ಮೇಲಿನ ಜಾಗಕ್ಕೆ 5, ನಿಜವಾದ ಜಾಗದ ಕಂಟಿನ್ಯುಟಿಗೆ ಬರೀ 4 ಪರ್ಸೆಂಟ್. ನಾನು ಇದನ್ನ ಪೂರ್ತಿ ನಂಬ್ತೀನಿ, ಅದಕ್ಕೊಂದು ಉದಾಹರಣೆನೂ ನಮ್ಮಲ್ಲೇ ಇದೆ. 2022ರ ಮಾರ್ಚಲ್ಲಿ ಬಂದ ಜೇಮ್ಸ್ ಚಿತ್ರದಲ್ಲಿ ಪುನೀತ್ ಅವರ ಪಾತ್ರಕ್ಕೆ ಅಣ್ಣ ಶಿವರಾಜ್‌ಕುಮಾರ್ ದನಿ ಕೊಟ್ಟಿದ್ರು, ಡಬ್ಬಿಂಗ್‌ಗೆ ಮುಂಚೆನೇ ಅಪ್ಪು ಹೋಗ್ಬಿಟ್ಟಿದ್ರು. ಮುಖ ಒಬ್ರದ್ದು ದನಿ ಇನ್ನೊಬ್ರದ್ದು ಅಂತ ಥಿಯೇಟರಲ್ಲಿದ್ದ ಎಲ್ರಿಗೂ ಗೊತ್ತಿತ್ತು, ಅದನ್ನ ತಪ್ಪು ಅಂತ ಯಾರೂ ಎಣಿಸಲಿಲ್ಲ, ಅತ್ತರು.

ಇನ್ನೊಂದು ತುದೀಲಿ ಎಡ್ ವುಡ್ ತೆಗೆದ ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್ ಇದೆ, ಅಮೆರಿಕದ ತೀರ ಕಡಿಮೆ ದುಡ್ಡಿನ ಸಿನಿಮಾ. ನಟ ಬೆಲಾ ಲುಗೋಸಿ 1956ರ ಆಗಸ್ಟಲ್ಲಿ ತೀರಿಕೊಂಡ್ರು, ಅವರದ್ದು ಸ್ವಲ್ಪೇ ಸ್ವಲ್ಪ ಮಾತಿಲ್ಲದ ಫೂಟೇಜ್ ಇತ್ತು, ಉಳಿದಿದ್ದಕ್ಕೆ ಅವರಿಗಿಂತ ಎತ್ತರದ ಇನ್ನೊಬ್ರನ್ನ ಕರೆಸಿ ಮುಖಕ್ಕೆ ಅಡ್ಡ ಬಟ್ಟೆ ಹಿಡಿಸಿ ತೆಗೆದ್ರು. ಒಂದೇ ಸೀನಲ್ಲಿ ಒಂದು ಶಾಟ್ ಹಗಲು, ಇನ್ನೊಂದು ರಾತ್ರಿ. ಅಲ್ಲೂ ತೀರಿಕೊಂಡ ನಟ, ಇಲ್ಲೂ ಅದೇ ಸಂಕಟ. ಇಲ್ಲಿ ಭಾವ ಹಿಡ್ಕೊಂಡಿತ್ತು, ಅಲ್ಲಿ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ, ಕಣ್ಣು ಸೀದಾ ತಪ್ಪಿನ ಮೇಲೆ ಹೋಯ್ತು. ಹಾಗಾಗಿ ನನ್ನ ಪಟ್ಟೀಲಿ ಮೊದಲು ಬರೋದು ಭಾವದ ತುದೀಲಿ ಇರೋ ತಪ್ಪು, ಅಂದ್ರೆ ಅಳೋ ಸೀನಲ್ಲಿ, ಸಾವಿನ ಸೀನಲ್ಲಿ, ಮುಖ್ಯ ಮಾತು ಆಡೋ ಹೊತ್ತಲ್ಲಿ ಮುಖದ ಹತ್ರ ಇರೋದು. ಕುಂಕುಮ, ಕಣ್ಣೀರು, ಗಾಯ. ಹಿಂದಿನ ಕಪಾಟಲ್ಲಿ ಡಬ್ಬ ಎಡಕ್ಕೆ ಹೋಗಿದ್ರೆ ಬಿಟ್ಬಿಡಿ.

ನೋಟ್ ಬುಕ್ಕು

ಸೆಟ್ಟಲ್ಲಿ ಒಬ್ರಿಗೆ ಇದೇ ಕೆಲಸ ಇರ್ಲಿ. ಕ್ಲ್ಯಾಪ್ ಹೊಡೆಯೋ ಹುಡುಗನಿಗೇ ಇದನ್ನೂ ಕೊಟ್ಟು, ಕಾಫಿ ತರೋಕೂ ಅವನನ್ನೇ ಕಳಿಸಿದ್ರೆ ಏನೂ ಉಳಿಯಲ್ಲ. ಪ್ರತಿ ಶಾಟ್ ಕಟ್ ಆದ ತಕ್ಷಣ, ಕಲಾವಿದರು ಅಲುಗಾಡೋ ಮುಂಚೆ, "ಸರ್ ಒಂದ್ನಿಮಿಷ, ಅಮ್ಮ ಒಂದ್ನಿಮಿಷ ಹಾಗೇ ಇರಿ" ಅಂತ ಹೇಳಿ ನಾಲ್ಕು ಫೋಟೋ: ಪೂರ್ತಿ ಆಳು, ಮುಖ, ಕೈ, ಜಾಗ. ಫೋಟೋ ಫ್ರೇಮಲ್ಲೇ ಕ್ಲ್ಯಾಪ್ ಬೋರ್ಡ್ ಇರ್ಲಿ, ಇಲ್ಲಾಂದ್ರೆ ಎರಡು ತಿಂಗಳಾದ್ಮೇಲೆ ಐದು ಸಾವಿರ ಫೋಟೋದಲ್ಲಿ ಯಾವುದು ಯಾವ ಸೀನು ಅಂತ ದೇವರಿಗೇ ಗೊತ್ತು. ಬುಕ್ಕಲ್ಲಿ ಯಾವ ಮಾತಿಗೆ ಎದ್ರು, ಯಾವ ಮಾತಿಗೆ ಲೋಟ ಇಟ್ರು, ಯಾವ ಕೈ, ಬೆಳಕು ಯಾವ ಕಡೆ, ಟೈಮ್ ಎಷ್ಟು. ಈ ಕೆಲಸ ಮಾಡೋ ಹುಡುಗ ಹುಡುಗಿ ಎದ್ದು "ಸರ್, ಸೆರಗು ಹೊದ್ದಿದ್ರು" ಅಂತ ಹೇಳಿದ್ರೆ ಅವರ ಮೇಲೆ ರೇಗ್ಬೇಡಿ, ಒಂದ್ಸಲ ರೇಗಿದ್ರೆ ಆಮೇಲೆ ಅವರು ಬಾಯಿ ಬಿಡಲ್ಲ, ನಿಮಗೆ ಅದು ಗೊತ್ತಾಗೋದು ಎಡಿಟಲ್ಲೇ.

ಇಷ್ಟೆಲ್ಲ ಆಗಿ ಉಳಿದಿದ್ದನ್ನ ಪ್ಯಾಚ್ ವರ್ಕಿಗೆ ಹಾಕಿ, ಆದ್ರೆ ಸೆನ್ಸಾರಿಗೆ ಕಳಿಸೋ ಮುಂಚೆ ಮುಗಿಸಿ, ಸರ್ಟಿಫಿಕೇಟ್ ಬಂದ್ಮೇಲೆ ಚಿತ್ರ ಬದಲಾಯಿಸಿದ್ರೆ ಮತ್ತೆ ಬೋರ್ಡಿಗೆ ತಿಳಿಸ್ಬೇಕಾಗತ್ತೆ. ಎಲ್ಲ ಇನ್ಸರ್ಟೂ ಒಂದೇ ದಿನಕ್ಕೆ ಕೂಡ್ಸಿ, ಕೈ ತಟ್ಟೆ ಲೋಟದ ಕ್ಲೋಸುಗಳಿಗೆ ಕಲಾವಿದರೇ ಬೇಕು ಅಂತಿಲ್ಲ, ಅದೇ ಮೈಬಣ್ಣದ ಕೈ, ಅದೇ ಬಳೆ ಸಾಕು. ಆ ತಟ್ಟೆ, ಆ ಲೋಟ, ಆ ಚಾಪೆ ಮಾತ್ರ ಅವೇ ಆಗ್ಬೇಕು. ಶೂಟಿಂಗ್ ಮನೆಯವರ ಹತ್ರ ಕೇಳಿ, ದುಡ್ಡು ಕೊಟ್ಟು ತಗೊಂಡು, ಒಂದು ಪೆಟ್ಟಿಗೇಲಿ ಸೀನ್ ನಂಬರ್ ಬರೆದಿಟ್ಕೊಳ್ಳಿ, ಸಿನಿಮಾ ಥಿಯೇಟರಿಗೆ ಬರೋ ತನಕ ಯಾರಿಗೂ ವಾಪಸ್ ಕೊಡ್ಬೇಡಿ.